ಸಂಜೆ ಬೆಳಕಿನ ಗಾಜು

ನಮ್ಮೂರಿನ ಗೋಡೆಗಳಿಗೆ ವರ್ಷಕ್ಕೊಮ್ಮೆ ಮರೆವು ಬರುತ್ತದೆ. ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಊರಿನ ಗೋಡೆಗಳೆಲ್ಲ ನಾದಿಟ್ಟ ಕಣಕದ ಹಾಗೆ ನುಣ್ಣಗೆ ನಿಂತಿರುತ್ತವೆ. ಬಿರುಕಿಲ್ಲ, ದೀಪದ ಗೂಡಿಲ್ಲ, ಗಾರೆಯ ಮೇಲೆ ಕುಂಚ ಎಳೆದ ಗೆರೆಯಿಲ್ಲ. ಮರಕ್ಕೆ ಮರೆವಿಲ್ಲ, ಹಾಗಾಗಿ ಬಾಗಿಲು, ಕಿಟಕಿ, ಗೂಟ ಇದ್ದಲ್ಲೇ ಇರುತ್ತವೆ. ಉಳಿದದ್ದನ್ನು ನಾವು ಗೋಡೆಗೆ ಹೇಳಿಕೊಡಬೇಕು. ಗೋಡೆ ಕೇಳುತ್ತದೆ, ಕೇಳಿದ ಹಾಗೆ ಆಗುತ್ತದೆ. ಒಮ್ಮೆ ಆದ ಮೇಲೆ ಮುಂದಿನ ಮರೆವಿನವರೆಗೆ ಬೇರೆ ಮಾತು ಕೇಳುವುದಿಲ್ಲ. ಬೇರೆ ಊರಿನಿಂದ ಬಂದ ಸೊಸೆಯಂದಿರು ಮೊದಲ ವರ್ಷ ಎದೆ ಬಡಿದುಕೊಂಡು ಅಳುತ್ತಾರೆ. ಎರಡನೆಯ ವರ್ಷ, ಓ ಬಂತಾ, ಎಂದು ಒಲೆ ಹಚ್ಚಲು ಹೋಗುತ್ತಾರೆ. ನಾನೂ ಹಾಗೆ ಅತ್ತು, ಹಾಗೆ ಒಲೆ ಹಚ್ಚಿದವಳೇ.

ಹಿಂದೆಲ್ಲ ಮನೆಮಂದಿಯೇ ನಿಂತು ನೆನಪಿನಿಂದ ಹೇಳುತ್ತಿದ್ದರಂತೆ. ನೆನಪಿಗೇನು, ಹೆತ್ತವರಿಗೆ ಹೆಗ್ಗಣ ಮುದ್ದು. ಪ್ರತಿಯೊಬ್ಬರಿಗೂ ತಮ್ಮ ಮನೆಯ ಕಟ್ಟೆ ಗೇಣುದ್ದ ಹೆಚ್ಚಾಗಿಯೇ ನೆನಪಿರುತ್ತಿತ್ತು. ಕಟ್ಟೆಗಳು ವರ್ಷ ವರ್ಷ ಬೀದಿಗೆ ಸರಿದು ಕೊನೆಗೆ ಚಕ್ಕಡಿ ತಿರುಗಲೂ ಜಾಗ ಉಳಿಯಲಿಲ್ಲ. ಅಣ್ಣ ಒಂದು ಹೇಳಿ ತಮ್ಮ ಇನ್ನೊಂದು ಹೇಳಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಡುವೆಯೇ ಸೊಟ್ಟಗಾದ ಗೋಡೆಗಳೂ ಇದ್ದವು. ನಾನು ಮದುವೆಯಾಗಿ ಬಂದ ಕೆಲವು ವರ್ಷಕ್ಕೆ ಹಿರಿಯರು ಬೇಸತ್ತು, ಮೂರು ಕಾಲಿನ ಪೆಟ್ಟಿಗೆಯವನೊಬ್ಬನನ್ನು ಕರೆಸಿ ಮನೆಗೊಂದು ಗಾಜಿನ ಪಟ ತೆಗೆಸಿದರು. ಅಂದಿನಿಂದ ಊರಿಗೆ ಎರಡು ಕಟ್ಟಳೆ. ಪಟದಲ್ಲಿರುವುದನ್ನಷ್ಟೇ ಗೋಡೆಗೆ ಓದಬೇಕು. ಓದುವಾಗ ಓದುವವನ ಬಾಯಿ ಬಿಟ್ಟು ಬೇರೆ ಬಾಯಿ ತೆರೆಯಬಾರದು.

ಆ ಪಟದವನು ನಮ್ಮ ಬೀದಿಗೆ ಬಂದದ್ದು ಬೆಳಿಗ್ಗೆ. ನಮ್ಮ ಸಾಲಿನ ಮನೆಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿದವು. ಎಳೆ ಬಿಸಿಲು ಗೋಡೆಯ ಮೇಲೆ ಓರೆಯಾಗಿ ಬೀಳುವಾಗ ಉಬ್ಬು ತಗ್ಗು ಚೆನ್ನಾಗಿ ಕಾಣುತ್ತದೆಂದು ಅವನು ಅವಸರದಲ್ಲಿ ಒಂದರ ಹಿಂದೊಂದು ಮನೆ ತೆಗೆಯುತ್ತ ಬಂದ. ನಮ್ಮ ಮನೆಯೆದುರು ಬಂದು ಕರಿ ಬಟ್ಟೆಯೊಳಗೆ ತಲೆ ತೂರಿಸಿದವನು ಹಾಗೇ ಹೊರಗೆ ತೆಗೆದ. ಪಟ ತೆಗೆಯುತ್ತಾರೆಂಬ ಹಿಗ್ಗಿಗೆ ನಾವು ಹಿಂದಿನ ದಿನವಷ್ಟೇ ಹೊಸ ಗಾರೆ ಮಾಡಿಸಿದ್ದೆವು. ಹಸಿ ಗೋಡೆ ಮಿರಮಿರನೆ ಮಿಂಚುತ್ತಿತ್ತು. “ಬರೇ ಹೊಳಪ ಕಾಣತೈತಿ, ಗೋಡಿ ಕಾಣವಲ್ದು. ಆರಲಿ, ಸಂಜೀಕ ಬರ್ತೀನಿ,” ಎಂದು ಹೊರಟುಹೋದ. ಅವನು ಅತ್ತ ಹೋಗುವುದಕ್ಕೂ ಇತ್ತ ನನ್ನ ಮಗಳು ಇಂದ್ರಿ ಬಾಗಿಲ ಪಕ್ಕದ ಹಸಿ ಗಾರೆಗೆ ಬಲಗೈ ಒತ್ತುವುದಕ್ಕೂ ಸರಿಹೋಯಿತು. ಎಡಗೈಯಲ್ಲಿ ನಾನು ಕೌದಿಯ ಚಿಂದಿಯಿಂದ ಹೊಲಿದುಕೊಟ್ಟ ಗೊಂಬೆ ಇತ್ತು. ನಾನು ಕರಣೆ ಹಿಡಿದು ಸವರಿಬಿಡಲು ಹೋದೆ. ನನ್ನ ಗಂಡ ಈರಪ್ಪ ತಡೆದರು.

“ಇರ್ಲಿ ಬಿಡ. ಗೋಡಿ ಎಲ್ಲಾರ ಮನಿಗೂ ಅದಾವು. ಕೈ ಇರೂ ಗೋಡಿ ನಮ್ಮದೊಂದ,” ಎಂದು ನಕ್ಕರು.

ಇಂದ್ರಿಗೆ ಇನ್ನೂ ಎಡ ಬಲ ಗೊತ್ತಾಗದ ವಯಸ್ಸು. ಏನು ಕೊಟ್ಟರೂ ಯಾವ ಕೈ ಬಿಡುವಾಗಿರುತ್ತದೋ ಅದನ್ನು ಚಾಚುವಳು. “ಆ ಕೈ ಅಲ್ಲ ಯವ್ವಾ, ಈ ಕೈ ಕೊಡು,” ಎಂದು ನಾನು ಬೆಲ್ಲದ ಚೂರನ್ನು ಹಿಂದಕ್ಕೆ ಎಳೆದುಕೊಂಡರೆ, ಏನೋ ದೊಡ್ಡ ತಮಾಷೆಯಾಯಿತೆಂಬಂತೆ ನಕ್ಕು ಕೈ ಬದಲಿಸುವಳು. ನಾನು ಅವಳಿಗೆ ಕಲಿಸಿದ್ದು ಅದೊಂದೇ. ಇನ್ನೊಂದು ಕಲಿಸುವಷ್ಟು ದಿನ ಅವಳು ಇರಲಿಲ್ಲ.

ಸಂಜೆ ಪಟದವನು ಮತ್ತೆ ಬಂದ. ಪೆಟ್ಟಿಗೆಯ ಮುಚ್ಚಳ ತೆಗೆದ ಮೇಲೆ ತಾನು ಹೇಳುವವರೆಗೆ ಯಾರೂ ಅಲುಗಾಡಬಾರದು, ಅಲುಗಾಡಿದವರನ್ನು ಗಾಜು ಹಿಡಿಯುವುದಿಲ್ಲ ಎಂದ. ಈರಪ್ಪ ಕಂಬದ ಪಕ್ಕ ಇನ್ನೊಂದು ಕಂಬವಾಗಿ ನಿಂತರು. ನಾನು ಹೊಸ್ತಿಲಲ್ಲಿ ಉಸಿರು ಹಿಡಿದು ನಿಂತೆ. ಇಂದ್ರಿ ಮಾತ್ರ ಕಟ್ಟೆಯ ಈ ತುದಿಯಿಂದ ಆ ತುದಿಗೆ ಓಡಿದಳು, ಆ ತುದಿಯಿಂದ ಈ ತುದಿಗೆ ಓಡಿದಳು. ಕೂಗಿ ಕರೆಯೋಣವೆಂದರೆ ನಾನು ಬಾಯಿ ತೆರೆಯುವ ಹಾಗಿರಲಿಲ್ಲ. ಗಾಜು ತೊಳೆದು ಒಣಗಿಸಿ ತೋರಿಸಿದಾಗ ಅದರಲ್ಲಿ ಗಂಡನಿದ್ದರು, ನಾನಿದ್ದೆ, ಕಟ್ಟೆಯ ಮೇಲೆ ಮಲಗಿದ್ದ ನಾಯಿಯೂ ಇತ್ತು. ಅವಳು ಓಡಿದ ಕಡೆ ಕಟ್ಟೆಯುದ್ದಕ್ಕೂ ಹೊಗೆಯಂಥ ಒಂದು ಬಿಳುಪು. ಆದರೆ ಬಾಗಿಲ ಪಕ್ಕದಲ್ಲಿ ಅವಳ ಕೈ, ಐದು ಬೆರಳಿನ ಸಮೇತ, ಸ್ಪಷ್ಟವಾಗಿ ಮೂಡಿತ್ತು. ಆ ವರ್ಷದ ಚಳಿಗಾಲ ಮುಗಿಯುವುದರೊಳಗೆ ಜ್ವರ ಬಂದು ಇಂದ್ರಿ ಹೋದಳು.

ಆಮೇಲೆ ಇಬ್ಬರು ಗಂಡುಮಕ್ಕಳು ಹುಟ್ಟಿದರು, ಬೆಳೆದರು, ಇದೇ ಊರಿನಲ್ಲಿ ಮನೆ ಮಾಡಿ ಸೊಸೆಯಂದಿರೊಡನೆ ದಿನಾ ನನ್ನ ತಲೆ ತಿನ್ನುತ್ತಾರೆ. ಅವರ ಬಗ್ಗೆ ನನಗೆ ದೂರಿಲ್ಲ. ಆದರೆ ನನ್ನ ವರ್ಷ ಶುರುವಾಗುತ್ತಿದ್ದದ್ದು ಯುಗಾದಿಗಲ್ಲ, ಗೋಡೆ ಓದುವ ದಿನಕ್ಕೆ. ಗುರುಪಾದಯ್ಯನೆಂಬ ಹಿರಿಯ ನಮ್ಮೂರಿನ ಪಟಗಳನ್ನು ಓದುತ್ತಿದ್ದ. ಒಣಕಲು ಆಸಾಮಿ, ಒಣಕಲು ಮಾತು. ಗಾಜನ್ನು ಕರಿ ಬಟ್ಟೆಯ ಮುಂದೆ ಹಿಡಿದರೆ ಮಾತ್ರ ಅದರಲ್ಲಿನ ಮನೆ ಕಾಣುತ್ತದೆ. ಅವನು ಹಾಗೆ ಹಿಡಿದು ಎಷ್ಟೋ ಹೊತ್ತು ಸುಮ್ಮನೆ ನೋಡುತ್ತ ಕೂಡುವನು. ಅವನು ಮೊದಲು ಹುಡುಕುತ್ತಿದ್ದದ್ದು ಗೋಡೆಯನ್ನಲ್ಲ, ಮರದ ಗೂಟದ ನೆರಳನ್ನು.

“ಗೂಟ ಹೊರಗ ಇರ್ತೈತಿ ಅನ್ನೂದು ಎಲ್ಲಾರಿಗೂ ಗೊತ್ತು. ಅದರ ನೆರಳ ಯಾವ ಕಡೆ ಬಿದ್ದೈತಿ ನೋಡಿದ್ರ ಬೆಳಕ ಎಲ್ಲಿಂದ ಬಂತು ತಿಳೀತೈತಿ. ಬೆಳಕ ತಿಳದ್ರ ತಗ್ಗ ಯಾವುದು ಉಬ್ಬ ಯಾವುದು ತಿಳೀತೈತಿ. ಅದ ತಪ್ಪಿದ್ರ ಎಲ್ಲಾ ತಪ್ಪಿತು,” ಎಂದು ಒಮ್ಮೆ ನನಗೆ ಹೇಳಿದ್ದ. ಬೀದಿಯ ಉಳಿದ ಮನೆಗಳದೆಲ್ಲ ಬೆಳಗಿನ ಬೆಳಕು, ಬಲಗಡೆಯಿಂದ ಬಿದ್ದದ್ದು. ನಮ್ಮದೊಂದು ಸಂಜೆಯದು, ಎಡಗಡೆಯಿಂದ ಬಿದ್ದದ್ದು. ಅವನು ನಮ್ಮ ಗಾಜನ್ನು ಸಂಜೆ ಬೆಳಕಿನ ಗಾಜು ಎಂದೇ ಕರೆಯುತ್ತಿದ್ದ.

ಓದುವ ದಿನ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಗುರುಪಾದಯ್ಯ ನಿಧಾನಕ್ಕೆ, “ಇಲ್ಲಿ ಉಸುಕು ದಪ್ಪ. ಇಲ್ಲಿ ಕರಣಿ ಎರಡ ಸಲ ತಿರಗೇತಿ. ಇಲ್ಲಿ ದೀಪದ ಗೂಡ, ಒಳಗ ಒಂದ ಗೇಣ,” ಎನ್ನುತ್ತ ಹೋಗುವನು, ಗೋಡೆ ಅವನು ಹೇಳಿದಲ್ಲಿ ಒರಟಾಗುವುದು, ಹೇಳಿದಲ್ಲಿ ಕುಗ್ಗುವುದು. ಕೊನೆಗೆ ಅದು ಬರುತ್ತಿತ್ತು. “ಬಾಗಿಲ ಬಲಕ್ಕ, ಸೊಂಟದೆತ್ತರದಾಗ, ಒಂದ ಕೂಸಿನ ಕೈ. ಒಳಗ ಇಳದೈತಿ. ಬೆರಳಿನ ತುದ್ಯಾಗ ತಗ್ಗ ಹೆಚ್ಚು. ಕಿರಿಬೆರಳ ಒಂಚೂರು ಹೊರಳೇತಿ.” ನುಣ್ಣನೆಯ ಗೋಡೆ ಅಲ್ಲಿ ಮೆಲ್ಲಗೆ ಒಳಗೆ ಹೋಗುತ್ತಿತ್ತು. ಮೊದಲು ಅಂಗೈ, ಆಮೇಲೆ ಒಂದೊಂದೇ ಬೆರಳು. ಆ ಹೊತ್ತು ನನ್ನ ಜೀವ ಕೈಯಲ್ಲಿರುತ್ತಿತ್ತು. ಬಂತು ಎಂದಾದ ಮೇಲೆ ನಾನೂ ಈರಪ್ಪನವರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವರು ದನದ ನೆವ ಮಾಡಿ ಹಿತ್ತಲಿಗೆ ಹೋಗುವರು. ನಾನು ಆ ತಗ್ಗಿನಲ್ಲಿ ಮೂರು ಬೆರಳು ಇಟ್ಟು ನಿಲ್ಲುತ್ತಿದ್ದೆ, ನನ್ನ ಪೂರ್ತಿ ಕೈ ಅದರಲ್ಲಿ ಹಿಡಿಸುತ್ತಿರಲಿಲ್ಲ.

ಒಂದು ಸಲ ಧೈರ್ಯ ಮಾಡಿ ಗುರುಪಾದಯ್ಯನನ್ನು ಕೇಳಿದ್ದೆ. “ಅಜ್ಜಾರ, ಕಟ್ಟಿ ಮ್ಯಾಲ ಹೊಗಿ ಹಂಗ ಐತೆಲ್ಲ, ಅದನ್ನೂ ಒಂದ ಸಲ ಓದಿ ನೋಡ್ರಲ್ಲ.”

ಅವನು ಗಾಜನ್ನು ಬಟ್ಟೆಯಲ್ಲಿ ಸುತ್ತುತ್ತ ಹೇಳಿದ. “ಅದು ಗೋಡಿ ಅಲ್ಲ ತಂಗಿ.”

ಹೋದ ವರ್ಷ ಗುರುಪಾದಯ್ಯ ತೀರಿಕೊಂಡ. ಅವನ ಜಾಗಕ್ಕೆ ಹಿರಿಯರು ಚಂದ್ರಾಮಪ್ಪನನ್ನು ಆರಿಸಿದರು. ಮಠದಲ್ಲಿ ಪುರಾಣ ಹೇಳುವವನು, ಕಂಚಿನ ಕಂಠ, ಮನುಷ್ಯನೂ ಒಳ್ಳೆಯವನೇ. ಅವನು ಓದಿದರೆ ಗೋಡೆಗಳು ಮದುವಣಗಿತ್ತಿಯ ಹಾಗೆ ಎದ್ದು ನಿಂತವು. ಬೀದಿಯ ಜನ ಮನೆಯಿಂದ ಮನೆಗೆ ಅವನ ಹಿಂದೆಯೇ ನಡೆದರು, ಸದ್ದಿಲ್ಲದೆ ತಲೆದೂಗಿದರು. ನಮ್ಮ ಮನೆಗೆ ಬರುವಷ್ಟರಲ್ಲಿ ಅವನಿಗೂ ಹುಮ್ಮಸ್ಸು ಏರಿತ್ತು. ವರ್ಷ ವರ್ಷದ ಓದಿಗೆ ಸಿಕ್ಕು ಗಾಜುಗಳು ಮಂಕಾಗುತ್ತ ಬಂದಿದ್ದವು, ನಮ್ಮ ಗಾಜಿನಲ್ಲಿ ಗೂಟವಿದ್ದ ಮೂಲೆಗೇ ಮಬ್ಬು ಹತ್ತಿತ್ತು. ಗೂಟ ಕಾಣದವನಿಗೆ ಅದರ ನೆರಳು ಎಲ್ಲಿ ಕಾಣಬೇಕು. ಬೀದಿಗೆಲ್ಲ ಬೆಳಗಿನ ಬೆಳಕು, ಇದಕ್ಕೂ ಅದೇ ಎಂದುಕೊಂಡ. ಕೈಯ ಎಡ ಅಂಚು ಕಪ್ಪಗೆ, ಬಲ ಅಂಚು ಬೆಳ್ಳಗೆ. ಬೆಳಕು ಎಡದಿಂದ ಬಂದಿದ್ದರೆ ಅದು ತಗ್ಗು. ಬಲದಿಂದ ಬಂದಿದ್ದರೆ ಉಬ್ಬು.

“ಬಾಗಿಲ ಬಲಕ್ಕೊಂದು ಶಿಶುವಿನ ಹಸ್ತ!” ಎಂದು ಅವನು ದನಿ ಎತ್ತಿದ. “ಗೋಡಿಯಿಂದ ಹೊರಗ ಉಬ್ಬಿ ಬಂದೈತಿ!”

ನಾನು ಸೆರಗು ಕಿತ್ತೆಸೆದು ಅಲ್ಲ ಎಂದು ಅರಚುವುದರೊಳಗೆ ಗೋಡೆ ಕೇಳಿಯಾಗಿತ್ತು. ಮೊದಲು ಅಂಗೈ, ಆಮೇಲೆ ಒಂದೊಂದೇ ಬೆರಳು, ಗೋಡೆಯ ಒಳಗಿನಿಂದ ಯಾರೋ ಒತ್ತಿದ ಹಾಗೆ ಹೊರಗೆ ಬಂದವು.

ದೀಪದ ಗೂಡೂ ಮಗುಚಿಕೊಂಡು ಹೊರಕ್ಕೆ ಗಡ್ಡೆಯಂತೆ ಎದ್ದಿತ್ತು. ಪಕ್ಕದ ಮನೆಯ ಫಕ್ಕೀರವ್ವ ನೋಡಿ, “ಏನ ಯಕ್ಕಾ, ನಿನ್ನ ಗೋಡಿಗೆ ಕುರ ಎದ್ದೈತಿ, ಅರಿಶಿಣ ಹಚ್ಚ,” ಎಂದಳು. ಬೇರೆ ದಿನವಾಗಿದ್ದರೆ ಅವಳ ಜನ್ಮ ಜಾಲಾಡುತ್ತಿದ್ದೆ. ಆ ಹೊತ್ತು ನನಗೆ ಗೂಡು ಬೇಕಿರಲಿಲ್ಲ. ಚಂದ್ರಾಮಪ್ಪನ ಮುಖಕ್ಕೆ ಉಗಿಯಬೇಕೆಂದು ಹೋದವಳು ಗೋಡೆಯ ಹತ್ತಿರ ನಿಂತುಬಿಟ್ಟಿದ್ದೆ. ಇಷ್ಟು ವರ್ಷ ನಾನು ಮುಟ್ಟುತ್ತಿದ್ದದ್ದು ಕೈ ಇದ್ದ ಜಾಗವನ್ನು. ಈಗ ಅಲ್ಲಿ ಕೈಯೇ ಇತ್ತು. ತುಂಬಿದ ಅಂಗೈ, ಗುಂಡಗಿನ ಬೆರಳ ತುದಿ, ಹೊರಳಿದ ಕಿರಿಬೆರಳು. ನನ್ನ ಬಲಗೈಯನ್ನು ಅದರ ಮೇಲಿಟ್ಟೆ. ಹೆಬ್ಬೆರಳಿಗೆ ಹೆಬ್ಬೆರಳು ಕೂಡಿತು, ಅಂಗೈಗೆ ಅಂಗೈ ಕೂಡಿತು. ಮಧ್ಯಾಹ್ನದ ಬಿಸಿಲು ಕುಡಿದ ಗೋಡೆ ಬೆಚ್ಚಗಿತ್ತು. ನಾನು ಅಲ್ಲೇ ಕೂತು ಅತ್ತೆ. ಅಷ್ಟು ಸುಖವಾಗಿ ನಾನು ಎಂದೂ ಅತ್ತಿರಲಿಲ್ಲ.

ಈರಪ್ಪನವರು ಆ ಕೈಯನ್ನು ಮುಟ್ಟಲೇ ಇಲ್ಲ. ದಿನ ಕಳೆದವು, ನಾನು ಕೌದಿ ಹೊಲಿಯುವುದನ್ನೂ ಅದರ ಪಕ್ಕಕ್ಕೇ ತಂದುಕೊಂಡೆ, ಒಂದು ಸಾಲು ಹೊಲಿದು ಒಮ್ಮೆ ಮುಟ್ಟುವೆ. ಅವರು ದೂರದಿಂದಲೇ ಹಾದುಹೋಗುವರು. ಒಂದು ದಿನ ನನಗೆ ರೇಗಿಹೋಯಿತು.

“ಹೆತ್ತ ಮಗಳ ಕೈರೀ. ಒಮ್ಮೆ ಮುಟ್ಟಿದ್ರ ನಿಮ್ಮ ಗಂಟೇನ ಹೊಕ್ಕೈತಿ?”

ಅವರು ದೂರದಲ್ಲೇ ನಿಂತು, “ಅಲ್ಲಿ ಆಕಿ ಒತ್ತಿದ್ಲು,” ಎಂದರು. “ಆಕಿ ಒತ್ತಿದ್ದು ಆ ತಗ್ಗಿನ್ಯಾಗ ಇತ್ತು. ಇದನ್ನ ಯಾರ ಒತ್ಯಾರ?”

“ನಿಮ್ಮದು ಕಲ್ಲಿನ ಎದಿ,” ಎಂದೆ.

ಮಳೆಗಾಲ ಮುಗಿದ ಮೇಲೆ ಊರಿಗೆ ಹೊಸ ಪೆಟ್ಟಿಗೆಯವನು ಬಂದ. ಹಳೆಯ ಗಾಜುಗಳು ಇನ್ನು ಕೆಲವು ವರ್ಷಕ್ಕೆ ಪೂರ್ತಿ ಕುರುಡಾಗುತ್ತವೆ, ಈಗಲೇ ಹೊಸ ಪಟ ತೆಗೆಸೋಣ ಎಂದು ಹಿರಿಯರು ತೀರ್ಮಾನಿಸಿದ್ದರು. ಹೊಸ ಗಾಜು ಸಿಗುವುದು ಕಷ್ಟ. ಆದ್ದರಿಂದ ಹಳೆಯ ಗಾಜನ್ನು ಬೂದಿ ಹಾಕಿ ಕೆರೆದು, ತೊಳೆದು, ಅದರ ಮೇಲೆಯೇ ಹೊಸದನ್ನು ಹಿಡಿಯುವುದು. ಗೋಡೆ ಈಗ ಹೇಗಿದೆಯೋ ಹಾಗೆ. ಇನ್ನು ಮುಂದೆ ಅದೇ ಓದು.

ಚಂದ್ರಾಮಪ್ಪ ತಾನಾಗಿಯೇ ನಮ್ಮ ಮನೆಗೆ ಬಂದ. ಅಷ್ಟರಲ್ಲಿ ಯಾರೋ ಅವನಿಗೆ ಸಂಜೆ ಬೆಳಕಿನ ಕಥೆ ಹೇಳಿದ್ದರು. ಕಟ್ಟೆಯ ಮೇಲೆ ಕೂಡದೆ ನಿಂತೇ ಮಾತಾಡಿದ. “ಯವ್ವಾ, ನಂದು ತಪ್ಪಾಗೇತಿ. ಹೊಟ್ಟ್ಯಾಗ ಹಾಕ್ಕೋರಿ. ನಿಮ್ಮ ಗಾಜ ಈಗ ಕೆರಸಬ್ಯಾಡ್ರಿ. ಮುಂದಿನ ಸಲ ನಾನ ಸಂಜೀ ಬೆಳಕಿಗೆ ಸರಿಯಾಗಿ ಓದ್ತೀನಿ, ಕೈ ಮೊದಲಿನಂಗ ಒಳಗ ಹೊಕ್ಕೈತಿ. ಆಮ್ಯಾಲ ಹೊಸಾ ಪಟ ತಗಸೋಣ. ಪೆಟ್ಟಿಗಿಯವ ಮುಂದಿನ ವರ್ಷನೂ ಬರ್ತಾನ.”

“ನೀ ಮಾಡಿದ್ದು ತಪ್ಪಲ್ಲೋ ತಮ್ಮಾ,” ಎಂದೆ. “ಗುರುಪಾದಯ್ಯ ಜೀವಮಾನ ಪೂರ್ತಿ ನನ್ನ ಕೂಸಿನ್ನ ಒಳಗ ದಬ್ಬಿದಾ. ನೀ ಹೊರಗ ಕರದಿ. ಹಿಂಗ ಇರ್ಲಿ. ಹಿಂಗ ತಗೀಲಿ.”

ಚಂದ್ರಾಮಪ್ಪ ಈರಪ್ಪನವರ ಕಡೆ ನೋಡಿದ. ಅವರು ಕಂಬಕ್ಕೆ ಒರಗಿ ನಿಂತಿದ್ದರು. ಮದುವೆಯಾದಂದಿನಿಂದ ನನಗೆ ಬೇಡ ಎಂದದ್ದೇ ಅಪರೂಪ. ಅಂದು ಮಾತ್ರ ಒಂದು ಮಾತು ಹೇಳಿದರು. “ಗಾಜಿನ್ಯಾಗ ಆ ಹೊಗಿನೂ ಐತಿ.”

“ಹೊಗಿ ತಗೊಂಡ ಏನ ಮಾಡೂದೈತ್ರೀ? ಕೈನ ಸಿಕ್ಕೈತಿ,” ಎಂದೆ.

ಮರುದಿನ ಪೆಟ್ಟಿಗೆಯವನು ಬಂದು ನಮ್ಮ ಗೋಡೆ ತೆಗೆದ. ಈಗಿನ ಪೆಟ್ಟಿಗೆಗೆ ಅಷ್ಟು ಹೊತ್ತು ಬೇಡ, ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಈಗ ಓಡಿದ್ದರೂ ಅವಳು ಸಿಗುತ್ತಿದ್ದಳು ಎಂದು ಒಂದು ಗಳಿಗೆ ಅನ್ನಿಸಿತು. ಊರ ಬಾವಿಯ ಹತ್ತಿರ ಬೂದಿಯ ಬುಟ್ಟಿ ಇಟ್ಟುಕೊಂಡು ಹಳೆಯ ಗಾಜುಗಳನ್ನು ಕೆರೆಯುತ್ತಿದ್ದರು. ನಮ್ಮದನ್ನು ನಾನೇ ಒಯ್ದು ಕೊಟ್ಟು ಬಂದೆ. ಎಷ್ಟೊಂದು ಗಾಜುಗಳ ಕಪ್ಪು ನೀರು ಒಂದೇ ಕಾಲುವೆಯಲ್ಲಿ ಹರಿಯುತ್ತಿತ್ತು. ತೊಳೆದಾದ ಮೇಲೆ ಯಾವ ಗಾಜು ಯಾರದು ಎಂದು ಯಾರೂ ನೋಡಲಿಲ್ಲ. ನಮ್ಮದು ಅಂಚಿನಲ್ಲಿ ಸೀಳಿದ್ದರಿಂದ ನನಗೆ ಗುರುತು ಸಿಕ್ಕಿತು. ಅದರ ಮೇಲೆ ಈಗ ಫಕ್ಕೀರವ್ವನ ದನದ ಕೊಟ್ಟಿಗೆಯ ಪಟ ಇದೆ.

ಇಂದ್ರಿ ಹೋದ ದಿನ ಬಂತು. ಪ್ರತಿ ವರ್ಷ ಆ ದಿನ ತಗ್ಗಿನ ಕೆಳಗೆ ಕಟ್ಟೆಯ ಮೇಲೆ ಒಂದು ಚೂರು ಬೆಲ್ಲ ಇಡುವುದು ನನ್ನ ರೂಢಿ. ಇರುವೆಗಳಿಗೆ ಹಬ್ಬ, ನನಗೆ ಸಮಾಧಾನ. ಈ ಸಲ ಕಟ್ಟೆಯ ಮೇಲೆ ಯಾಕೆ ಇಡಬೇಕು, ಕೈಯೇ ಇದೆಯಲ್ಲ ಎಂದುಕೊಂಡೆ. ಮುಂಜಾನೆಯೇ ತಲೆಗೆ ನೀರು ಹಾಕಿಕೊಂಡು, ಬೆಲ್ಲದ ಚೂರಿಗೆ ತುಪ್ಪ ಸವರಿ, ಗೋಡೆಯೆದುರು ಮೊಣಕಾಲೂರಿ ಕೂತೆ. ಈರಪ್ಪನವರು ಹಿಂದೆ ಬಾಗಿಲಲ್ಲಿ ನಿಂತಿದ್ದರು. ಕೂಸಿಗೆ ಕೊಡುವಾಗ ಕೊಡುತ್ತಾರಲ್ಲ, ಹಾಗೆ ಮುಂದೆ ಚಾಚಿದೆ. ಚಾಚಿದವಳು ಕೈಯನ್ನು ನೋಡಿದೆ.

ಅಷ್ಟು ತಿಂಗಳು ನಾನು ಅದನ್ನು ಮುಟ್ಟಿದ್ದೆ, ಸವರಿದ್ದೆ, ಕೆನ್ನೆಗೆ ಒತ್ತಿಕೊಂಡಿದ್ದೆ. ಎದುರಿಗೆ ಕೂತು ಹೀಗೆ ಕೊಡಲು ಹೋಗಿರಲಿಲ್ಲ. ಗೋಡೆಗೆ ಮುಖ ಮಾಡಿ ಬಲಗೈ ಒತ್ತಿದರೆ ಹೆಬ್ಬೆರಳು ಎಡಕ್ಕೆ ಇರುತ್ತದೆ. ಅವಳು ಒತ್ತಿದಾಗಲೂ ಎಡಕ್ಕೇ ಇತ್ತು. ಈಗ ಆ ಕೈ ನನ್ನ ಕಡೆ ತಿರುಗಿದೆ, ಹೆಬ್ಬೆರಳು ಇನ್ನೂ ಎಡಕ್ಕೇ ಇದೆ. ನನ್ನ ಬಲಗೈ ಎತ್ತಿ ಅಂಗೈ ನೋಡಿಕೊಂಡೆ, ಹೆಬ್ಬೆರಳು ಬಲಕ್ಕಿತ್ತು. ಎಡಗೈ ಎತ್ತಿ ನೋಡಿಕೊಂಡೆ. ಮತ್ತೆ ಗೋಡೆ ನೋಡಿದೆ. ಗೋಡೆಯಿಂದ ಹೊರಗೆ ಚಾಚಿದ್ದದ್ದು ಎಡಗೈ.

ನನ್ನ ಮಗಳು ಆ ಗೋಡೆಗೆ ಎಡಗೈ ಇಟ್ಟಿರಲಿಲ್ಲ. ಅವಳ ಎಡಗೈಯಲ್ಲಿ ಗೊಂಬೆ ಇತ್ತು. ಹೊರಳಿದ ಕಿರಿಬೆರಳು ಅವಳ ಬಲಗೈಯದು. ಹಾಗಾದರೆ ಇದು ಯಾರದೂ ಅಲ್ಲ. ಯಾವ ಕೂಸಿಗೂ ಇಲ್ಲದ ಒಂದು ಕೈ. ಅದಕ್ಕೆ ನಾನು ಹೆಬ್ಬೆರಳಿಗೆ ಹೆಬ್ಬೆರಳು ಕೂಡಿಸಿ ಅತ್ತಿದ್ದೆ. ಮುಂದಿನ ವರ್ಷವೂ ಅದೇ ಬರುತ್ತದೆ, ನಾನು ಸತ್ತ ಮೇಲೂ ಬರುತ್ತದೆ, ಹೊಸ ಗಾಜಿನಲ್ಲಿ ಅದೇ ಇದೆ. ಅವಳು ಒತ್ತಿದ್ದು ಇನ್ನು ಎಲ್ಲಿಯೂ ಇಲ್ಲ.

“ಏನಾತು?” ಎಂದರು ಈರಪ್ಪನವರು ಬಾಗಿಲಿನಿಂದ.

ಅವರಿಗೆ ಮೊದಲೇ ಗೊತ್ತಿತ್ತೇನೋ, ನಾನು ತಿರುಗಿ ನೋಡಲಿಲ್ಲ. ಬೆಲ್ಲ ಬೆರಳಿಗೆ ಅಂಟಿ ಕರಗುತ್ತಿತ್ತು. ಚಾಚಿದ ನನ್ನ ಕೈ ತಾನಾಗಿ ಹಿಂದಕ್ಕೆ ಸರಿಯಿತು. ಅಷ್ಟು ವರ್ಷ ಬಾಯಿಗೆ ಬಾರದಿದ್ದ ಮಾತು ಅಂದಿನಷ್ಟೇ ಸಲೀಸಾಗಿ ಹೊರಬಂತು.

“ಆ ಕೈ ಅಲ್ಲ ಯವ್ವಾ,” ಎಂದೆ ಗೋಡೆಗೆ. “ಈ ಕೈ ಕೊಡು.”

ಹೇಳಿ, ಕೈ ಬದಲಿಸಲಿ ಎಂದು ಕಾಯುತ್ತ ಕೂತೆ.